ಬೆರಳು ನಮ್ಮದು, ಹೊಣೆ ಯಾರದು?



ರಾಗಿ ತೆನೆ ಹಾಲು ತುಂಬ್ತಾ ಇದೆ. ಚಿತ್ತೆ ಮಳೆ ಒಂದು ಹದ ಕೊಟ್ಟು ಹೋಗಿದೆ, ಅಕ್ಕಡಿ ಸಾಲಿನ ಅವರೆಗೆ ಇನ್ನೊಂದು ಹದ ಬೇಕು. ಹೊಲದ ಸುದ್ದಿ ಇಷ್ಟೇ. ಇವತ್ತು ಸರ್ಕಾರಿ ಕೌಂಟರಿನ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಸಾಯಂಕಾಲ ಡೈರಿಗೆ ಹಾಲು ಹಾಕಿ ಬಂದು ನಿಧಾನವಾಗಿ ಓದಿ.

ನೀವು ಗಮನಿಸಿದೀರೋ ಇಲ್ಲವೋ, ಕಚೇರಿ ಭಾಷೆ ಬದಲಾಗಿದೆ. ಮೊದಲು ಕೆಲಸ ಆಗದಿದ್ರೆ "ಆಗಲ್ಲ ಹೋಗಯ್ಯ" ಅಂತಿದ್ರು. ಒರಟು ಮಾತು, ಆದರೆ ಅದನ್ನ ಅಂದೋನು ಒಬ್ಬ ಮನುಷ್ಯ ಇರ್ತಿದ್ದ. ಅವನ ಮೇಲೆ ಕೂಗಾಡಬಹುದಿತ್ತು, ಅವನ ಮೇಲಿನ ಸಾಹೇಬರ ಹತ್ರ ಹೋಗಬಹುದಿತ್ತು, ಮಾರನೇ ದಿನ ಮನಸ್ಸು ಕರಗಿ ಅವನೇ ಮಾಡಿಕೊಟ್ರೂ ಕೊಡ್ತಿದ್ದ. ಈಗ ಯಾರೂ "ಆಗಲ್ಲ" ಅನ್ನಲ್ಲ. "ತಗೊಳ್ತಿಲ್ಲ" ಅಂತಾರೆ. "ನಿಮ್ಮ ಬೆರಳು ತಗೊಳ್ತಿಲ್ಲ ಅಜ್ಜಿ." "ಹೆಸರು ತಗೊಳ್ತಿಲ್ಲ ಗೌಡ್ರೇ." "ಸರ್ವೆ ನಂಬರ್ ತಗೊಳ್ತಿಲ್ಲ ಯಜಮಾನ್ರೇ." ತಗೊಳ್ತಿಲ್ಲ ಸರಿ, ತಗೊಳ್ದೇ ಇರೋರು ಯಾರು? ಆ ಮಾತಿಗೆ ಕರ್ತೃವೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ವ್ಯಾಕರಣ ಓದಿದೋರಿಗೆ ಗೊತ್ತು, ಕರ್ತೃ ಇಲ್ಲದ ವಾಕ್ಯದಲ್ಲಿ ತಪ್ಪು ಯಾರದು ಅಂತ ಹಿಡಿಯೋಕಾಗಲ್ಲ.

ನನ್ನ ತಕರಾರು ಇದರ ಮೇಲೆ. ಕಂಪ್ಯೂಟರ್ ಮೇಲೆ ಅಲ್ಲ. ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇಂಥದ್ದು ಬರೆದ ಕೂಡಲೇ "ಯಜಮಾನ್ರಿಗೆ ಹಳೇ ಕಾಲ ಬೇಕಂತೆ" ಅಂತ ಕೆಲವರು ಶುರು ಮಾಡ್ತಾರೆ.

ಹೋದ ವರ್ಷದ ರಾಗಿ

ನಮ್ಮೂರಿನ ಒಬ್ಬ ತಾಯಿ, ಹೆಸರು ಬೇಡ. ಗಂಡ ತೀರಿಕೊಂಡು ಆರು ವರ್ಷ. 1 ಎಕರೆ 20 ಗುಂಟೆ ಜಮೀನು. ಅದರಲ್ಲಿ ಮೊದಲು ನೀಲಗಿರಿ ಇತ್ತು. ಮರ ಕಡಿಸಿ, ಜೆಸಿಬಿ ತರಿಸಿ ಬೇರು ಕೀಳಿಸಿ, ಮೂರು ವರ್ಷದಿಂದ ರಾಗಿ ಹಾಕ್ತಿದ್ದಾರೆ. ಹೋದ ವರ್ಷ ಮನೆಗೆ ಇಟ್ಟುಕೊಂಡು 9 ಕ್ವಿಂಟಾಲ್ ಮಾರೋಕೆ ಉಳೀತು. 2024-25ರ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ನೋಂದಣಿ ಮಾಡಿಸೋಕೆ ಹೋದರು. ಬೆಳೆ ಸಮೀಕ್ಷೆಯಲ್ಲಿ ಅವರ ಸರ್ವೆ ನಂಬರಿಗೆ ನೀಲಗಿರಿ ಅಂತ ಬಂದಿದೆ. ನೀಲಗಿರಿ ಬೆಳೆದೋರು ರಾಗಿ ಮಾರೋಕೆ ಹೇಗಾಗುತ್ತೆ? ತಗೊಳ್ಳಲಿಲ್ಲ.

"ಮೂಟೆ ಮನೇಲೇ ಅವೆ ಸ್ವಾಮಿ, ಬಂದು ನೋಡಿ" ಅಂದರು ಆ ತಾಯಿ. "ನಾವು ನೋಡಿದ್ರೆ ಆಗಲ್ಲಮ್ಮ, ಸಿಸ್ಟಮ್ ನೋಡಬೇಕು" ಅಂತ ಉತ್ತರ ಬಂತು.

ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿಯವರು ಸಮೀಕ್ಷೆಗೆ ಬಂದಿದ್ದ ಹುಡುಗನ್ನ ತೋರಿಸಿದರು. ಅವನು "ನಾನು ಫೋಟೋ ತೆಗೆದಿದ್ದೆ ಆಂಟಿ, ಜಿಪಿಎಸ್ ಪಕ್ಕದ ಹೊಲಕ್ಕೆ ಹೋಗಿದೆ ಅನ್ಸುತ್ತೆ" ಅಂದ. ಆಕ್ಷೇಪಣೆ ಹಾಕಬೇಕಾದ್ದು ಮೊಬೈಲ್ ಆ್ಯಪಿನಲ್ಲಿ, ಅದಕ್ಕೊಂದು ಕೊನೇ ದಿನ. ಆ ತಾಯಿ ಹತ್ರ ಇರೋದು ಬಟನ್ ಫೋನ್. ಕೊನೇ ದಿನ ಅನ್ನೋದು ಒಂದಿತ್ತು ಅಂತ ಅವರಿಗೆ ಗೊತ್ತಾಗಿದ್ದೇ ಅದು ಮುಗಿದ ಮೇಲೆ. ಕೊನೆಗೆ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ 3,200 ರೂಪಾಯಿಗೆ ಅಳೆದುಕೊಟ್ಟರು. ಲೆಕ್ಕ ನೀವೇ ಹಾಕಿ: 1,090 ಗುಣಿಸು 9. ಹತ್ತಿರ ಹತ್ತಿರ 10 ಸಾವಿರ ರೂಪಾಯಿ. ಮಗಳ ಕಾಲೇಜು ಫೀಸಿಗೆ ಅಂತ ಎಣಿಸಿಟ್ಟಿದ್ದ ದುಡ್ಡು.

ಯಾವ ಕಚೇರಿ ಅಂತ ನಾನು ಬರೆಯಲ್ಲ. ಬರೆದರೆ ಅದು ಕೌಂಟರಿನಲ್ಲಿ ಕೂತಿರೋ ಹುಡುಗನ ತಲೆ ಮೇಲೆ ಬೀಳುತ್ತೆ. ಆ ಹುಡುಗ ಕೆಟ್ಟೋನಲ್ಲ. ಈ ಸರಪಳೀಲಿ ಯಾರೂ ಲಂಚ ಕೇಳಲಿಲ್ಲ, ಯಾರೂ ಬೈಯ್ಯಲಿಲ್ಲ. ಎಲ್ಲರೂ ಒಳ್ಳೆಯವರೇ. ಆದರೂ ರಾಗಿ ಬೆಳೆದ ಹೆಂಗಸಿಗೆ ನೀನು ರಾಗಿ ಬೆಳೆದಿಲ್ಲ ಅಂತ ಸರ್ಕಾರ ಹೇಳಿತು. ಅದಕ್ಕೆ ಒಬ್ಬರೂ ಸಹಿ ಹಾಕಲಿಲ್ಲ.

ಲಂಚ ಅನ್ಯಾಯ ಅಂತ ಎಲ್ಲರಿಗೂ ಗೊತ್ತು. ಈ ಸಹಿ ಇಲ್ಲದ "ಇಲ್ಲ" ಅನ್ನೋದೂ ಅನ್ಯಾಯ ಅಂತ ಇನ್ನೂ ನಮಗೆ ಅನ್ನಿಸ್ತಾ ಇಲ್ಲ. ಅದಕ್ಕೇ ಬರೀತಿದೀನಿ.

ಮೊದಲು ಬೆರಳು ಇಟ್ಟಿದ್ದು ಯಾರು?

ಭೂಮಿ ತಂತ್ರಾಂಶ ಬಂದಿದ್ದು 2000ನೇ ಇಸವಿ ಆಸುಪಾಸಿನಲ್ಲಿ. ಆಗ ನನಗೆ ಮೂವತ್ತರ ಹತ್ತಿರ ವಯಸ್ಸು. ಅದಕ್ಕೆ ಮುಂಚೆ ಪಹಣಿ ಅಂದ್ರೆ ಲೆಕ್ಕಿಗರ ಕೈಬರಹ. ಶಾನುಭೋಗಿಕೆ 1961ರ ಕಾಯ್ದೆಯಿಂದ ಹೋಯ್ತು, ಆದರೆ ಪುಸ್ತಕ ಮಾತ್ರ ಇನ್ನೊಬ್ಬರ ಚೀಲ ಸೇರಿತು. ಲೆಕ್ಕಿಗರು ಎಲ್ಲಿದ್ದಾರೋ ನಮ್ಮ ಹೊಲದ ದಾಖಲೆ ಅಲ್ಲಿ. ಮದುವೆಗೆ ಹೋಗಿದ್ರೆ ದಾಖಲೆನೂ ಮದುವೇಲಿ. ಪೆನ್ನು ಅವರದು, ಪುಸ್ತಕ ಅವರದು, ಮನಸ್ಸೂ ಅವರದು.

ರಾಜೀವ್ ಚಾವ್ಲಾ ಅನ್ನೋ ಐಎಎಸ್ ಅಧಿಕಾರಿ ಮುಂದೆ ನಿಂತು ಸುಮಾರು 2 ಕೋಟಿ ಪಹಣಿಗಳನ್ನ, 67 ಲಕ್ಷ ರೈತರ ದಾಖಲೆಯನ್ನ ಕಂಪ್ಯೂಟರಿಗೆ ಹಾಕಿಸಿದರು. ತಾಲ್ಲೂಕು ಕಚೇರಿಯ ಕಿಟಕಿಗೆ ಹೋಗಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರ್ತಿತ್ತು. ಆ ಮೊದಲ ಪ್ರಿಂಟ್ ಹಿಡಿದುಕೊಂಡು ನಾವು ಹೊರಗೆ ಬಂದಾಗ ಆದ ಸಂತೋಷ ಸುಳ್ಳಲ್ಲ.

ಆ ಭೂಮಿಯಲ್ಲಿ ಮೂರು ವಿಷಯ ಇದ್ದವು, ನೆನಪಿಟ್ಟುಕೊಳ್ಳಿ.

ಒಂದು, ಖಾತೆ ಬದಲಾವಣೆಗೆ ಮೊದಲು ಬಂದೋರಿಗೆ ಮೊದಲು. ಹಿಂದೆ ಬಂದ ದೊಡ್ಡೋರ ಅರ್ಜಿಯನ್ನ ಮುಂದೆ ಹಾಕೋಕೆ ತಂತ್ರಾಂಶವೇ ಬಿಡ್ತಿರಲಿಲ್ಲ.

ಎರಡು, ದಾಖಲೆ ತಿದ್ದೋಕೆ ಬೆರಳು ಇಡಬೇಕಾಗಿದ್ದು ಅಧಿಕಾರಿ. ಯಾವ ಬದಲಾವಣೆ ಯಾರು ಮಾಡಿದ್ರು ಅಂತ ಅವರ ಬೆರಳೇ ಸಾಕ್ಷಿ. ಆಮೇಲೆ "ನಾನಲ್ಲ" ಅನ್ನೋ ಹಾಗಿಲ್ಲ.

ಮೂರು, ಕೌಂಟರಿನಲ್ಲಿ ಎರಡು ಪರದೆ. ಒಂದು ನೌಕರನ ಕಡೆಗೆ, ಇನ್ನೊಂದು ನಮ್ಮ ಕಡೆಗೆ. ಅವರು ಏನು ಒತ್ತುತಾರೆ ಅಂತ ರೈತ ನಿಂತು ನೋಡಬಹುದಿತ್ತು.

ಈ ಮೂರರಲ್ಲೂ ಇರೋ ಧರ್ಮ ಒಂದೇ: ಅಧಿಕಾರ ಯಾರ ಕೈಲಿದೆಯೋ ಅವರ ಕೈಗೆ ಕಂಪ್ಯೂಟರ್ ಹಗ್ಗ ಕಟ್ಟಬೇಕು. ನೀತಿ ಅನ್ನೋದು ಭಾಷಣದಲ್ಲಿ ಇರಲಿಲ್ಲ, ತಂತ್ರಾಂಶದ ಒಳಗೇ ಬರೆದಿತ್ತು.

ಇಪ್ಪತ್ತೈದು ವರ್ಷ ಆದ ಮೇಲೆ ಇವತ್ತು ಬೆರಳು ಇಡ್ತಿರೋದು ಯಾರು? ರೇಷನ್ನಿಗೆ ನಾವು. ಪಿಂಚಣಿಗೆ ನಾವು. ಪಿಎಂ ಕಿಸಾನ್ ಶುರುವಾಗಿದ್ದು 2019ರಲ್ಲಿ, ವರ್ಷಕ್ಕೆ 6,000, ಮೂರು ಕಂತು. ಅದರ ಇ-ಕೆವೈಸಿಗೂ ಬೆರಳು, ಮುಖ ಇಲ್ಲ ಒಟಿಪಿ ಕೊಡಬೇಕಾದೋರು ನಾವು. ಹಗ್ಗ ಅದೇ, ಕಟ್ಟಿರೋ ಕೈ ಬದಲಾಗಿದೆ. ಆಗ ಅಧಿಕಾರಿಯ ಬೆರಳು ಹೊಣೆಗೆ, ಈಗ ನಮ್ಮ ಬೆರಳು ಅನುಮಾನಕ್ಕೆ.

ಆ ಬೆರಳಾದರೂ ಎಂಥದ್ದು? ರಾಗಿ ಕಳೆ ಕಿತ್ತು, ಹುಣಸೆ ಬಡಿದು, ಸೀಗೆಪುಡಿ ಪಾತ್ರೆ ತಿಕ್ಕಿ, ಸಿಮೆಂಟ್ ಕಲಸಿ ಗೆರೆ ಸವೆದಿರೋ ಬೆರಳು. ದುಡಿಯದೇ ಇರೋನ ಬೆರಳನ್ನ ಯಂತ್ರ ಒಂದೇ ಸಲಕ್ಕೆ ತಗೊಳ್ಳುತ್ತೆ. ಹೆಚ್ಚು ದುಡಿದೋರನ್ನೇ ಅದು "ನೀನು ನೀನಲ್ಲ" ಅನ್ನುತ್ತೆ. ಇದಕ್ಕಿಂತ ಅವಮಾನ ಇದೆಯೇನ್ರಿ?

ಕಳ್ಳರನ್ನ ಹಿಡಿಯಬೇಡವಾ ಅಂತಾರೆ

ಹಿಡಿಯಲಿ. ಸತ್ತೋರ ಹೆಸರಲ್ಲಿ ಅಕ್ಕಿ ತಿಂದೋರು, ಇಲ್ಲದ ಹೊಲಕ್ಕೆ ಪರಿಹಾರ ತಗೊಂಡೋರು ಇದ್ದಾರೆ, ನಮಗೂ ಗೊತ್ತು. ಅವರು ತಿಂದಿದ್ದು ನಮ್ಮದೇ ಪಾಲು.

ಆದರೆ ಯಾವುದೇ ಜರಡಿಗೆ ಎರಡು ಥರದ ತಪ್ಪು ಆಗುತ್ತೆ. ಕಲ್ಲು ಒಳಗೆ ಉಳಿಯೋದು ಒಂದು, ಕಾಳು ಆಚೆ ಬೀಳೋದು ಇನ್ನೊಂದು. ಅನರ್ಹನಿಗೆ ಹೋದರೆ ಸರ್ಕಾರಕ್ಕೆ ಎರಡು ಸಾವಿರ ನಷ್ಟ. ಅರ್ಹನಿಗೆ ತಪ್ಪಿದರೆ ಒಂದು ಮನೇಲಿ ಒಲೆ ಉರಿಯಲ್ಲ. ಈ ಎರಡು ತಪ್ಪಿನಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಅನ್ನೋದೇ ನೀತಿಯ ಪ್ರಶ್ನೆ. ನಮ್ಮ ಈಗಿನ ವ್ಯವಸ್ಥೆ ಮೊದಲನೆಯದಕ್ಕೆ ಮಾತ್ರ ಹೆದರುತ್ತೆ. "ಇಷ್ಟು ಲಕ್ಷ ನಕಲಿ ಕಾರ್ಡ್ ತೆಗೆದೆವು" ಅಂತ ಪ್ರಕಟಣೆ ಕೊಡ್ತಾರೆ. ತೆಗೆದದ್ದರಲ್ಲಿ ಅಸಲಿ ಎಷ್ಟಿತ್ತು ಅಂತ ಪ್ರಕಟಣೆ ಕೊಟ್ಟಿದ್ದು ನಾನು ನೋಡಿಲ್ಲ.

2017ರಲ್ಲಿ ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಒಂದು ಹುಡುಗಿ ತೀರಿಕೊಂಡಳು. ಆಧಾರ್ ಜೋಡಣೆ ಆಗಿಲ್ಲ ಅಂತ ಆ ಮನೆಯ ರೇಷನ್ ಕಾರ್ಡ್ ರದ್ದಾಗಿತ್ತು. ಹಸಿವಿಂದ ಅಂತ ತಾಯಿ ಹೇಳಿದಳು, ಮಲೇರಿಯಾ ಅಂತ ಸರ್ಕಾರ ಹೇಳಿತು. ಸಾವಿಗೆ ಕಾರಣ ಯಾವುದು ಅಂತ ಜಗಳ ಆಡಿದರು. ಕಾರ್ಡ್ ಕಿತ್ತುಕೊಂಡಿದ್ದಕ್ಕೆ ಕಾರಣ ಯಾರು ಅಂತ ಕೇಳಿದರೆ ಮತ್ತೆ ಅದೇ ಕರ್ತೃ ಇಲ್ಲದ ವಾಕ್ಯ.

ಅದಾದ ಮೇಲೆ ಅದೇ ವರ್ಷ ಅಕ್ಟೋಬರಿನಲ್ಲಿ ಆಧಾರ್ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು: ಆಧಾರ್ ಇಲ್ಲ, ಬೆರಳು ಹೊಂದಲಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಸೌಲಭ್ಯ ತಪ್ಪಿಸಬಾರದು, ಬೇರೆ ದಾರಿ ಇಟ್ಟುಕೊಳ್ಳಬೇಕು ಅಂತ. 2018ರ ಸೆಪ್ಟೆಂಬರ್ 26ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಆಧಾರ್ ತೀರ್ಪು ಕೊಟ್ಟಾಗಲೂ ಬೆರಳು ಹೊಂದದೇ ಅರ್ಹರು ಹೊರಗುಳಿಯೋ ವಿಷಯ ಚರ್ಚೆಗೆ ಬಂದಿತ್ತು. ಅಂದ್ರೆ ಕಾನೂನಿಗೆ ಕಣ್ಣಿದೆ. ಕೌಂಟರಿಗೆ ಬರೋ ಅಷ್ಟರಲ್ಲಿ ಆ ಕಣ್ಣಿಗೆ ಪೊರೆ ಬಂದಿರುತ್ತೆ. ನಿಮ್ಮೂರಿನ ನ್ಯಾಯಬೆಲೆ ಅಂಗಡೀಲಿ "ಬೆರಳು ತಗೊಳ್ದೇ ಇರೋರ ಪುಸ್ತಕ ಕೊಡಿ, ಬರೆದು ಅಕ್ಕಿ ಕೊಡಿ" ಅಂತ ಒಂದು ಸಲ ಕೇಳಿ ನೋಡಿ, ಏನಂತಾರೆ ಅಂತ.

ಸಕಾಲದ ತೂತು

2011ರಲ್ಲಿ ನಮ್ಮ ರಾಜ್ಯ ಒಂದು ಒಳ್ಳೇ ಕಾಯ್ದೆ ಮಾಡಿತು, ಸಕಾಲ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ನಂಬರ್ ಕೊಡ್ತಾರೆ. ಇಂತಿಷ್ಟು ದಿನದಲ್ಲಿ ಕೆಲಸ ಆಗಬೇಕು. ತಡ ಆದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ನಮಗೆ ಪರಿಹಾರ, ಮೇಲೆ ಮೇಲ್ಮನವಿ. ಕಾಯ್ದೆ ಬಂಗಾರದಂಥದ್ದು.

ಆದರೆ ತೂತು ಎಲ್ಲಿದೆ ನೋಡಿ. ಗಡಿಯಾರ ಓಡೋಕೆ ಶುರುವಾಗೋದು ನಂಬರ್ ಬಂದ ಮೇಲೆ. "ಸಿಸ್ಟಮ್ ತಗೊಳ್ತಿಲ್ಲ" ಅಂದ್ರೆ ನಂಬರೇ ಹುಟ್ಟಲ್ಲ. ನಂಬರ್ ಇಲ್ಲ ಅಂದ್ರೆ ಅರ್ಜಿ ಇಲ್ಲ. ಅರ್ಜಿ ಇಲ್ಲ ಅಂದ್ರೆ ತಡ ಇಲ್ಲ. ನೀವು ಹೋಬಳಿಗೆ ಐದು ಸಲ ಹೋಗಿ ಬಂದಿದೀರಿ, ಬಸ್ ಚಾರ್ಜು ಕೊಟ್ಟಿದೀರಿ, ಕೂಲಿ ಕಳ್ಕೊಂಡಿದೀರಿ. ಸರ್ಕಾರದ ಲೆಕ್ಕದಲ್ಲಿ ನೀವು ಒಂದು ಸಲವೂ ಬಂದಿಲ್ಲ. ತಿಂಗಳ ಕೊನೇಲಿ ವರದಿ ಹೋಗುತ್ತೆ, ಬಂದ ಅರ್ಜಿ ಎಲ್ಲಾ ಕಾಲಕ್ಕೆ ಸರಿಯಾಗಿ ವಿಲೇವಾರಿ ಅಂತ. ವರದಿ ಸುಳ್ಳಲ್ಲ. ಬಾಗಿಲ ಹೊರಗೆ ನಿಂತೋರನ್ನ ಎಣಿಸೋ ಕಾಲಂ ಅದರಲ್ಲಿ ಇಲ್ಲ, ಅಷ್ಟೇ.

ಮಧ್ಯವರ್ತಿ ಹೋದ ಅಂತಾರಲ್ಲ, ಅದೂ ಪೂರ್ತಿ ನಿಜ ಅಲ್ಲ. ಮೊದಲು ಕಚೇರಿ ಮುಂದೆ ಮರದ ಕೆಳಗೆ ನಿಂತಿರ್ತಿದ್ದ. ಈಗ ಬಸ್ ಸ್ಟ್ಯಾಂಡ್ ಹತ್ರ ಲ್ಯಾಮಿನೇಶನ್ ಮಷಿನ್ ಇಟ್ಟುಕೊಂಡು ಫ್ಯಾನ್ ಕೆಳಗೆ ಕೂತಿದ್ದಾನೆ. ಒಂದು ಫಾರಂ ತುಂಬೋಕೆ 200. ನಮ್ಮ ಆಧಾರ್ ಜೆರಾಕ್ಸ್, ಪಾಸ್‌ಬುಕ್ ಜೆರಾಕ್ಸ್ ಅವನ ಟೇಬಲ್ ಕೆಳಗೆ ರಾಶಿ ಬಿದ್ದಿರುತ್ತೆ.

ಬೇಕಾದಷ್ಟೇ ಆಯ್ಕೋಬೇಕು

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಲ್ಯಾಣದ ಬೀದೀಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡ್ತಿದ್ದ ದಂಪತಿ. ಒಂದು ದಿನ ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ತಂದ. ಹೆಚ್ಚಾದದ್ದನ್ನ ತಂದಲ್ಲೇ ಹಾಕಿ ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ಅವಳಿಗೆ ಅಕ್ಕಿ ಬೇಡ ಅಂತಲ್ಲ. ಸೇವೆಗೆ ಅಂತ ತಂದದ್ದಾದರೂ ಅಗತ್ಯ ಮೀರಿದರೆ ಅದು ಆಸೆ ಆಗುತ್ತೆ ಅಂತ ಅವಳಿಗೆ ತಿಳಿದಿತ್ತು.

ಸರ್ಕಾರಕ್ಕೆ ಈಗ ಬೇಕಾಗಿರೋದು ಒಬ್ಬ ಲಕ್ಕಮ್ಮ. ಒಂದು ಸಣ್ಣ ಸೌಲಭ್ಯಕ್ಕೆ ಆಧಾರ್, ಜಾತಿ, ಮೊಬೈಲ್, ಬ್ಯಾಂಕ್, ಫೋಟೋ, ಬೆರಳು, ಮುಖ, ಮನೆ ಮಂದಿ ಎಲ್ಲರ ವಿವರ. ಒಂದು ಇಲಾಖೆಗೆ ಕೊಟ್ಟದ್ದನ್ನೇ ಇನ್ನೊಂದು ಇಲಾಖೆ ಮತ್ತೆ ಕೇಳುತ್ತೆ. ಆಯ್ತು, ಕೊಟ್ಟೆವು. ಕಾಪಾಡೋದು ಯಾರು? 2023ರಲ್ಲಿ ಬೆಂಗಳೂರಿನಲ್ಲಿ ಏನಾಯ್ತು ನೆನಪು ಮಾಡ್ಕೊಳ್ಳಿ. ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನ ನಕಲು ಮಾಡಿ ಜನರ ಬ್ಯಾಂಕ್ ಖಾತೆಯಿಂದ ದುಡ್ಡು ತೆಗೆದ ಪ್ರಕರಣಗಳು ಬಂದವು. ಪೊಲೀಸರು ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ ಅಂತ ಜನಕ್ಕೇ ಬುದ್ಧಿ ಹೇಳಬೇಕಾಯ್ತು. ಬೀಗ ಕಳೆದರೆ ಬೇರೆ ಬೀಗ ತರಬಹುದು. ಬೆರಳು ಕಳುವಾದರೆ ಬೇರೆ ಬೆರಳು ಎಲ್ಲಿಂದ ತರೋದು?

ವೈಯಕ್ತಿಕ ಮಾಹಿತಿ ರಕ್ಷಣೆಗೆ ಅಂತ 2023ರಲ್ಲಿ ದೇಶಕ್ಕೆ ಒಂದು ಕಾನೂನೂ ಬಂದಿದೆ. ಕಾನೂನು ಬರೋದು ಬರಲಿ. ಕೇಳೋದಕ್ಕೆ ಮುಂಚೆ "ಇದು ನಿಜವಾಗ್ಲೂ ಬೇಕಾ" ಅಂತ ಯೋಚನೆ ಮಾಡೋ ಮನಸ್ಸು ಕಾನೂನಿನಿಂದ ಬರಲ್ಲ.

ಕುಂಟೆ ಹಿಂದೆ ನಡೆಯೋರು

ರಾಗಿ ಹೊಲಕ್ಕೆ ಕುಂಟೆ ಹೊಡೆಯೋದನ್ನ ನೋಡಿದೋರಿಗೆ ಈ ಮಾತು ಬೇಗ ಅರ್ಥ ಆಗುತ್ತೆ. ಕುಂಟೆಗೆ ಕಣ್ಣಿಲ್ಲ. ಕಳೆ ಕೀಳುತ್ತೆ, ಜೊತೆಗೆ ಒಂದಷ್ಟು ಪೈರನ್ನೂ ಮಣ್ಣಲ್ಲಿ ಮುಚ್ಚುತ್ತೆ. ಹಾಗಂತ ಯಾರೂ ಕುಂಟೆ ಬಿಸಾಕಲ್ಲ. ಹಿಂದೆ ಒಬ್ಬರು ಬಗ್ಗಿ ನಡೆದುಕೊಂಡು ಬರ್ತಾರೆ, ಮುಚ್ಚಿಹೋದ ಪೈರನ್ನ ಬೆರಳಲ್ಲಿ ಎತ್ತಿ ನಿಲ್ಲಿಸ್ತಾರೆ. ನಮ್ಮನೇಲಿ ಆ ಕೆಲಸ ಮಾಡ್ತಿದ್ದದ್ದು ನಮ್ಮವ್ವ. ಎತ್ತು ಮುಂದೆ, ಅಪ್ಪ ನಡುವೆ, ಅವ್ವ ಹಿಂದೆ.

ಸೇವೆ ಅಂದ್ರೆ ನನಗೆ ಅದೇ. ಕಂಪ್ಯೂಟರ್ ಅನ್ನೋ ಕುಂಟೆ ಬೇಕು. ಅದರ ಹಿಂದೆ ನಡೆಯೋ ಮನುಷ್ಯರೂ ಬೇಕು, ಮಣ್ಣಲ್ಲಿ ಮುಚ್ಚಿಹೋದೋರನ್ನ ಎತ್ತೋಕೆ ಅವರಿಗೆ ಅಧಿಕಾರವೂ ಬೇಕು. ನಾವು ಮಾಡಿರೋ ಕೆಲಸ ಏನಂದ್ರೆ ಕುಂಟೆ ಕೊಂಡ ಕೂಡಲೇ ಹಿಂದಿನ ಆಳನ್ನ ಬಿಡಿಸಿದ್ದೀವಿ. ಉಳಿದಿರೋ ಆಳಿನ ಕೈ ಕಟ್ಟಿದ್ದೀವಿ.

ಕೈ ಕಟ್ಟಿದ್ದೀವಿ ಅಂತ ಸುಮ್ಮನೆ ಹೇಳ್ತಿಲ್ಲ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು, ಅಂದ್ರೆ ನಾವು ಇವತ್ತಿಗೂ ವಿಎ ಅಂತ ಕರೆಯೋರು, ರಾಜ್ಯದ ತುಂಬಾ ಮುಷ್ಕರಕ್ಕೆ ಕೂತರು. ಅವರ ದೊಡ್ಡ ದೂರೇ ಆ್ಯಪುಗಳ ಹೊರೆ. ಒಂದರ ಮೇಲೊಂದು ಆ್ಯಪು, ಎಲ್ಲದಕ್ಕೂ ಗುರಿ, ಕೆಲಸ ಮಾಡೋಕೆ ಸರಿಯಾದ ಲ್ಯಾಪ್‌ಟಾಪಿಲ್ಲ, ಕೂರೋಕೆ ಕಚೇರಿ ಇಲ್ಲ. ಆಗ ಕೆಲವರು ಅವರನ್ನ ಆಡಿಕೊಂಡರು. ನಾನು ಆಡಿಕೊಳ್ಳಲ್ಲ. ಇಪ್ಪತ್ತು ಕಿಲೋಮೀಟರ್ ಬೈಕಿನಲ್ಲಿ ಬಂದು ಫೋಟೋ ಅಪ್‌ಲೋಡ್ ಮಾಡೋಕೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತೋ ಹುಡುಗಿಗೆ ನಮ್ಮ ಕಷ್ಟ ಕೇಳೋಕೆ ಟೈಮು ಎಲ್ಲಿಂದ ಬರಬೇಕು? ಅವಳ ಕೆಲಸವನ್ನ ಅಳೆಯೋದು ಎಷ್ಟು ಎಂಟ್ರಿ ಮಾಡಿದಳು ಅಂತ. ಎಷ್ಟು ಜನರನ್ನ ಎತ್ತಿ ನಿಲ್ಲಿಸಿದಳು ಅಂತ ಅಲ್ಲ.

ಆದರೂ ಎತ್ತಿ ನಿಲ್ಲಿಸೋರು ಇದ್ದಾರೆ. ಹಾಸಿಗೆ ಹಿಡಿದ ಒಬ್ಬ ಅಜ್ಜಿಯ ಪಿಂಚಣಿ ನಿಂತಾಗ, ರಜಾ ದಿನ ಮನೆಗೇ ಮಷಿನ್ ತಂದು, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಹತ್ತು ಬೆರಳೂ ಒಂದೊಂದಾಗಿ ಇಟ್ಟು ನೋಡಿ, ಒಂಬತ್ತನೇ ಬೆರಳಿಗೆ ಹೊಂದಿಸಿ ಹೋದ ಹುಡುಗ ನಮ್ಮ ಕಡೇನೇ ಇದ್ದಾನೆ. ಅವನಿಗೆ ಅದಕ್ಕೆ ಭತ್ಯೆ ಇಲ್ಲ, ಹೊಗಳಿಕೆ ಇಲ್ಲ, ಯಾವ ಡ್ಯಾಶ್‌ಬೋರ್ಡಿನಲ್ಲೂ ಅದು ಕಾಣಲ್ಲ. ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಬರೆಸಿದ್ದಾರಲ್ಲ, ಅದು ಇವನಿಗೆ. ಆದರೆ ಒಂದು ರಾಜ್ಯ ಇಂಥ ಹುಡುಗರ ಒಳ್ಳೇತನದ ಮೇಲೆ ನಡೀಬಾರದು. ಅವನು ವರ್ಗ ಆಗಿ ಹೋದ ದಿನ ಅಜ್ಜಿ ಗತಿ ಏನು? ಒಳ್ಳೇ ಮನುಷ್ಯ ಮಾಡಿದ್ದನ್ನ ಸಾಧಾರಣ ಮನುಷ್ಯನೂ ಮಾಡೋ ಹಾಗೆ ನಿಯಮ ಕಟ್ಟೋದೇ ಆಡಳಿತ.

ಏನು ಆಗಬೇಕು

ಬರೀ ಬೈದು ಬಿಡೋದು ನನ್ನ ಪದ್ಧತಿ ಅಲ್ಲ. ನಾನು ಕೇಳ್ತಿರೋದು ಐದು.

1. "ಇಲ್ಲ" ಅನ್ನೋದು ಕಾಗದದ ಮೇಲೆ ಬರಬೇಕು. ಯಾಕೆ ಇಲ್ಲ, ಯಾರು ಹೊಣೆ, ಯಾರ ಹತ್ರ ಮೇಲ್ಮನವಿ. ಹಿಂಬರಹ ಅನ್ನೋ ಒಳ್ಳೇ ಪದ್ಧತಿ ನಮ್ಮ ಕಚೇರಿಗಳಲ್ಲಿ ಮೊದಲಿಂದ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಡಿ) ಪ್ರಕಾರ ನಿರ್ಧಾರಕ್ಕೆ ಒಳಗಾದೋರಿಗೆ ಕಾರಣ ತಿಳಿಸೋದು ಕಚೇರಿಯ ಕರ್ತವ್ಯ. ಕಂಪ್ಯೂಟರ್ ಬಂತು ಅಂತ ಆ ಕರ್ತವ್ಯ ಹೋಗಿಲ್ಲ.

2. ಗಡಿಯಾರ ನಾವು ಬಾಗಿಲಿಗೆ ಬಂದ ದಿನದಿಂದ ಓಡಬೇಕು. ಸಿಸ್ಟಮ್ ತಗೊಳ್ಳಲಿ ಬಿಡಲಿ, ಬಂದಿದ್ದರು ಅಂತ ಒಂದು ನಂಬರ್ ಕೊಡಬೇಕು. ಎಷ್ಟು ಜನ ವಾಪಸ್ ಹೋದರು ಅನ್ನೋದೂ ವರದೀಲಿ ಬರಬೇಕು.

3. ಕೇಳದೆ ಕೀಳಬಾರದು. ಕಾರ್ಡ್, ಪಿಂಚಣಿ, ಕಂತು ಯಾವುದೇ ಆಗಲಿ, ನಿಲ್ಲಿಸೋಕೆ ಮುಂಚೆ ನೋಟಿಸ್ ಕೊಟ್ಟು ಮಾತು ಕೇಳಬೇಕು. ಅನುಮಾನ ಇದ್ದರೆ ತನಿಖೆ ಮಾಡಲಿ, ತನಿಖೆ ಮುಗಿಯೋ ತನಕ ಕೊಡ್ತಾ ಇರಲಿ.

4. ಹೊಲದಲ್ಲಿ ನಿಂತು ನೋಡಿದ ಮನುಷ್ಯನ ಸಹಿಗೆ ಆ್ಯಪಿನ ಎಂಟ್ರಿ ತಿದ್ದೋ ಶಕ್ತಿ ಇರಬೇಕು. ತಿದ್ದಿದೋರ ಬೆರಳು ಅಲ್ಲಿ ಬೀಳಲಿ. ತಪ್ಪು ಮಾಡಿದರೆ ಅವರನ್ನ ಹಿಡೀರಿ.

5. ಪರದೆ ನಮ್ಮ ಕಡೆಗೂ ತಿರುಗಲಿ. ಇದು ದೊಡ್ಡ ಆಸೆ ಅಲ್ಲ. ನಮ್ಮ ಹಾಲಿನ ಡೈರೀಲಿ ಫ್ಯಾಟ್ ತೋರಿಸೋ ಅಂಕಿ ಹಾಲು ಹಾಕೋರ ಕಡೆಗೇ ಇರುತ್ತೆ. 3.2 ಬಂದರೆ "ಇನ್ನೊಂದು ಸಲ ಹಾಕು" ಅಂತ ಕೇಳ್ತೀವಿ, ಹಾಕ್ತಾರೆ. ಅದಕ್ಕೇ ಅಲ್ಲಿ ಯಂತ್ರದ ಮೇಲೆ ನಂಬಿಕೆ ಇದೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯೋರು ಹೋರಾಡಿದ್ದರ ಫಲವಾಗಿ 2019ರಲ್ಲಿ ಜನ್ ಸೂಚನಾ ಪೋರ್ಟಲ್ ಬಂತು, ಯಾರಿಗೆ ಏನು ಹೋಗಿದೆ ಅಂತ ಜನರೇ ನೋಡೋ ಹಾಗೆ. ನಮ್ಮಲ್ಲೂ ಮಾಹಿತಿ ಕಣಜ ಅಂತ ಇದೆ. ದಾರಿ ಇದೆ, ಇನ್ನೂ ಅಗಲ ಆಗಬೇಕು.

ನಮ್ಮ ಪಾಲಿನ ಕೆಲಸ

ಸರ್ಕಾರಕ್ಕೆ ಐದು ಹೇಳಿ ನಾವು ಕೈ ಕಟ್ಟಿ ಕೂತರೆ ಅದು ನ್ಯಾಯ ಅಲ್ಲ. ಊರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಓದಿ ಕೈಯಲ್ಲಿ ದೊಡ್ಡ ಫೋನ್ ಇಟ್ಟುಕೊಂಡಿರೋರು ಎಷ್ಟು ಜನ ಇದ್ದೀವಿ? ವಾರಕ್ಕೆ ಒಂದು ಗಂಟೆ ಕೊಡೋಕೆ ಆಗಲ್ವಾ? ನಾನು ಸೋಮವಾರ ಸಾಯಂಕಾಲ ಹಾಲು ಹಾಕಿದ ಮೇಲೆ ಡೈರಿ ಜಗಲೀಲಿ ಕೂರ್ತೀನಿ. ಕಂತು ಬಂದಿದೆಯಾ, ಬೆಳೆ ಸಮೀಕ್ಷೇಲಿ ಏನು ಎಂಟ್ರಿ ಆಗಿದೆ, ಆಕ್ಷೇಪಣೆಗೆ ಇನ್ನೆಷ್ಟು ದಿನ ಇದೆ, ಅಷ್ಟು ನೋಡಿ ಹೇಳೋದು. ಈ ವರ್ಷ ಆ ತಾಯಿಯ ಹೊಲಕ್ಕೆ ರಾಗಿ ಅಂತಲೇ ಎಂಟ್ರಿ ಆಗಿದೆ, ಕಣ್ಣಾರೆ ನೋಡಿದೀನಿ. 2025-26ರ ಬೆಂಬಲ ಬೆಲೆ 4,886.

ಹೀಗೆ ಕೂರೋರು ನಾಲ್ಕು ನಿಯಮ ಇಟ್ಟುಕೊಳ್ಳಿ. ಒಟಿಪಿಯನ್ನ ಅವರೇ ಓದಿ ಹೇಳಲಿ, ನೀವು ಅವರ ಫೋನ್ ಕಿತ್ತುಕೊಂಡು ನೋಡಬೇಡಿ. ಆಧಾರ್ ಫೋಟೋ ತೆಗೆದರೆ ಕೆಲಸ ಆದ ಮೇಲೆ ಅವರ ಮುಂದೇನೇ ಅಳಿಸಿ. ಯಾರ ಖಾತೇಲಿ ಎಷ್ಟಿದೆ ಅಂತ ಅರಳಿ ಕಟ್ಟೇಲಿ ಆಡಬೇಡಿ. ದುಡ್ಡು ಮುಟ್ಟಬೇಡಿ, ಎಲೆ ಅಡಿಕೆ ಕೊಟ್ಟರೆ ಬೇಕಾದರೆ ಹಾಕ್ಕೊಳ್ಳಿ. ನಾವು ಸರ್ಕಾರದಿಂದ ಏನು ಕೇಳ್ತೀವೋ ಅದನ್ನ ಮೊದಲು ಜಗಲೀಲಿ ನಡೆಸಿ ತೋರಿಸಬೇಕು.

ಇನ್ನು ಮುಂದೆ ಯಾವುದೇ ಕೌಂಟರಿನಲ್ಲಿ "ತಗೊಳ್ತಿಲ್ಲ" ಅಂದರೆ ಕೂಗಾಡಬೇಡಿ, ಆ ಹುಡುಗನ್ನ ಬೈಯ್ಯಬೇಡಿ, ಸುಮ್ಮನೆ ವಾಪಸ್ಸೂ ಬರಬೇಡಿ. ಒಂದು ಬಿಳಿ ಹಾಳೇಲಿ ಬಂದ ದಿನ, ಬಂದ ಕೆಲಸ ಬರೆದು ಎರಡು ಪ್ರತಿ ಮಾಡಿ. "ತಗೊಳ್ತಿಲ್ಲ ಅನ್ನೋದನ್ನ ಇದರ ಮೇಲೆ ಬರೆದು ಸೀಲು, ಸಹಿ ಹಾಕಿ ಕೊಡಿ ಸಾರ್" ಅಂತ ಕೇಳಿ. ಕೇಳಿದ್ದು ಏನಾಯ್ತು ಅಂತ ಇಲ್ಲಿ ಬರೀರಿ.

ಆಧಾರ್ ನಂಬರ್ ಮಾತ್ರ ಕಮೆಂಟಿನಲ್ಲಿ ಹಾಕಬೇಡಿ, ಮಾರಾಯ್ರೇ.